ಯಾರ ಯೋಚನೆ ಬದಲಾಗಬೇಕು?

ಉಗ್ಗುವವರಿಗೆ ನಮ್ಮ ದೇಶದಲ್ಲಿ ಕೇಳದೆಯೇ ಸಿಗುವ ವಸ್ತು ಸಲಹೆ. ನಿಧಾನವಾಗಿ ಮಾತಾಡು, ಉಸಿರು ಎಳೆದುಕೊಂಡು ಹೇಳು, ಹೆದರಿಕೆ ಬಿಡು. ಹಿಂದೆ ಅಜ್ಜಿಯರು ಮಾತು ಸ್ಪಷ್ಟವಾಗಿ ಬರಲಿ ಎಂದು ಬಜೆ ತೇಯ್ದು ಮಗುವಿನ ನಾಲಿಗೆಗೆ ಹಚ್ಚುತ್ತಿದ್ದರು. ಗಡಿಯಾಚೆ ತೆಲುಗಿನವರೂ ಅದನ್ನೇ ಮಾಡುತ್ತಿದ್ದರು. ಬಜೆಗೆ ಅಲ್ಲಿ ‘ವಸ’ ಎಂದು ಹೆಸರು. ಪಟಪಟನೆ ಮಾತಾಡುವ ಮಗುವನ್ನು ಇವತ್ತಿಗೂ ‘ವಸಪಿಟ್ಟ’ ಎನ್ನುತ್ತಾರೆ. ಈಗ ಬಜೆಯ ಜಾಗಕ್ಕೆ ಬೇರೊಂದು ಮದ್ದು ಬಂದಿದೆ. ನಿನ್ನ ಯೋಚನೆಯ ರೀತಿ ಬದಲಿಸಿಕೊ, ಉಗ್ಗು ತಾನಾಗಿಯೇ ಹೋಗುತ್ತದೆ ಎನ್ನುವ ಮದ್ದು. ವ್ಯಕ್ತಿತ್ವ ವಿಕಸನದ ಪುಸ್ತಕಗಳಲ್ಲಿ, ವಾರಾಂತ್ಯದ ಶಿಬಿರಗಳಲ್ಲಿ, ಎರಡು ನಿಮಿಷದ ವಿಡಿಯೊಗಳಲ್ಲಿ ಇದೇ ಮಾತು.

ಈ ಮದ್ದು ಬಜೆಗಿಂತ ಕೆಟ್ಟದ್ದು. ಬಜೆ ಕೆಲಸ ಮಾಡದಿದ್ದರೆ ಜನ ಬಜೆಯನ್ನು ಬೈದು ಸುಮ್ಮನಾಗುತ್ತಿದ್ದರು. ಯೋಚನೆ ಬದಲಿಸಿಯೂ ಉಗ್ಗು ಉಳಿದರೆ ಬೈಗುಳ ಬೀಳುವುದು ಉಗ್ಗುವವರಿಗೇ. ನೀನು ಸರಿಯಾಗಿ ಬದಲಿಸಿಕೊಂಡಿಲ್ಲ, ನಿನಗೆ ಛಲವಿಲ್ಲ, ನಿನಗೇ ಮನಸ್ಸಿಲ್ಲ. ಮದ್ದು ಸೋತಾಗಲೆಲ್ಲ ರೋಗಿಯೇ ತಪ್ಪಿತಸ್ಥನಾಗುವ ಚಿಕಿತ್ಸೆಯನ್ನು ಯಾವತ್ತೂ ಅನುಮಾನದಿಂದ ನೋಡಬೇಕು.

ಆದರೆ ಅದರಲ್ಲಿ ಅರ್ಧ ನಿಜವಿದೆ, ಅದಕ್ಕೇ ಅದು ಮಾರಾಟವಾಗುತ್ತದೆ. ಯೋಚನೆಗೂ ಉಗ್ಗುವವರ ಬದುಕಿಗೂ ಸಂಬಂಧ ಇರುವುದು ಖಂಡಿತ. ಆ ಸಂಬಂಧ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಸರಿಯಾಗಿ ಗುರುತಿಸದಿದ್ದರೆ ಮೋಸ ಮಾಡುವವರಿಗೂ ಸಹಾಯ ಮಾಡುವವರಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಈ ಮೋಸದ ಬೆಲೆ ಎಷ್ಟೆಂದು ನೋಡಲು ಆಂಧ್ರದ ಎರಡು ನಗರಗಳು ಸಾಕು. 2011ರ ಜನಗಣತಿಯಲ್ಲಿ ವಿಜಯವಾಡದ ಜನಸಂಖ್ಯೆ ಹತ್ತು ಲಕ್ಷ ದಾಟಿತ್ತು, ವಿಶಾಖಪಟ್ಟಣದ್ದು ಹದಿನೇಳು ಲಕ್ಷ ದಾಟಿತ್ತು. ಜಗತ್ತಿನ ಯಾವ ಭಾಷೆಯವರಲ್ಲೇ ಆಗಲಿ, ಸುಮಾರು ನೂರಕ್ಕೊಬ್ಬರು ಉಗ್ಗುತ್ತಾರೆ. ಹಾಗೆ ನೋಡಿದರೆ ಈ ಎರಡು ನಗರಗಳಲ್ಲೇ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಮಂದಿ. ವಿಜಯವಾಡದ ಸುತ್ತ ಕಾನೂರು, ಪೋರಂಕಿ, ಗುಡವಲ್ಲಿ, ನಿಡಮಾನೂರು ಕಡೆ ಖಾಸಗಿ ವಸತಿ ಕಾಲೇಜುಗಳು ಸಾಲುಗಟ್ಟಿವೆ. ಎಂಪಿಸಿ, ಬೈಪಿಸಿ ಎಂದು ಸೇರಿದ ಮಕ್ಕಳಿಗೆ ಬೆಳಗಿನಿಂದ ರಾತ್ರಿವರೆಗೆ ಓದು, ಟೆಸ್ಟು, ಮತ್ತೆ ಓದು. ಅಲ್ಲಿ ಮಾತಿಗೆ ಅಂಕವಿಲ್ಲ. ಉಗ್ಗುವ ಮಗು ಎರಡು ವರ್ಷ ಬಾಯಿ ತೆರೆಯದೆಯೇ ರ್‍ಯಾಂಕ್ ತೆಗೆಯಬಹುದು. ಅದರ ಮೌನವನ್ನು ಶಿಸ್ತು ಎಂದೇ ಎಲ್ಲರೂ ತಿಳಿಯುತ್ತಾರೆ.

ಆಮೇಲೆ ನಾಲ್ಕು ವರ್ಷ ಎಂಜಿನಿಯರಿಂಗ್. ಕೊನೆಯ ವರ್ಷದಲ್ಲಿ ವಿಶಾಖಪಟ್ಟಣದ ಮಧುರವಾಡ, ರುಷಿಕೊಂಡದ ಕಂಪನಿಗಳಿಗೋ, ಹೈದರಾಬಾದು, ಬೆಂಗಳೂರಿಗೋ ಕ್ಯಾಂಪಸ್ ಸಂದರ್ಶನ. ಅಲ್ಲಿ ‘ಜಾಮ್’ ಎಂಬ ಸುತ್ತು: ಕೊಟ್ಟ ವಿಷಯದ ಮೇಲೆ ತಡವರಿಸದೆ ಒಂದು ನಿಮಿಷ ಮಾತಾಡಬೇಕು. ಗುಂಪು ಚರ್ಚೆ, ಎಚ್‌ಆರ್ ಸುತ್ತು, ‘ನಿಮ್ಮ ಪರಿಚಯ ಮಾಡಿಕೊಳ್ಳಿ’. ಇಪ್ಪತ್ತೊಂದು ವರ್ಷ ಮಾತು ಕೇಳದ ವ್ಯವಸ್ಥೆ ಒಂದು ನಿಮಿಷದಲ್ಲಿ ಮಾತನ್ನೇ ಅಳತೆಗೋಲು ಮಾಡಿಕೊಳ್ಳುತ್ತದೆ. ಹುಡುಗ ಅಲ್ಲಿ ಬೀಳುತ್ತಾನೆ. ಹುಡುಗಿಯಾದರೆ ಪೆಳ್ಳಿಚೂಪುಲು, ಅಂದರೆ ಹೆಣ್ಣು ನೋಡುವ ಶಾಸ್ತ್ರದಲ್ಲೂ ಇನ್ನೊಮ್ಮೆ ಬೀಳಬಹುದು ಎಂಬ ಭಯ ಮನೆಯವರಿಗೆ. ‘ಹದಿನೈದು ದಿನದಲ್ಲಿ ಉಗ್ಗು ಮಾಯ’ ಎನ್ನುವವರಿಗೆ ಸಿಗುವುದು ಈ ಹೊತ್ತಿನ ತಂದೆತಾಯಿ. ಬೆಂಗಳೂರಲ್ಲೂ ಹುಬ್ಬಳ್ಳಿಯಲ್ಲೂ ಕಥೆ ಇದೇ. ವಿಜಯವಾಡದಲ್ಲಿ ಮೌನದ ವರ್ಷಗಳು ಎದ್ದು ಕಾಣುತ್ತವೆ ಅಷ್ಟೆ.

ಹಾಗಾದರೆ ಉಗ್ಗು ಎಂದರೇನು? ಏನು ಹೇಳಬೇಕೆಂದು ಚೆನ್ನಾಗಿ ಗೊತ್ತಿದ್ದೂ ಶಬ್ದದ ಮೊದಲ ಧ್ವನಿಯಲ್ಲಿ ಬಾಯಿ ಸಿಕ್ಕಿಕೊಳ್ಳುವುದು. ಒಮ್ಮೆ ಅದೇ ಧ್ವನಿ ಮರುಕಳಿಸುತ್ತದೆ, ಒಮ್ಮೆ ಎಳೆದುಕೊಳ್ಳುತ್ತದೆ, ಒಮ್ಮೆ ಧ್ವನಿಯೇ ಹೊರಡದೆ ಗಂಟಲು ಬಿಗಿಯುತ್ತದೆ. ಸುಮಾರು ನೂರಕ್ಕೆ ಐದು ಮಕ್ಕಳಲ್ಲಿ, ಹೆಚ್ಚಾಗಿ ಎರಡರಿಂದ ಐದು ವರ್ಷದೊಳಗೆ, ಇದು ಕಾಣಿಸಿಕೊಳ್ಳುತ್ತದೆ. ಅವರಲ್ಲಿ ಮುಕ್ಕಾಲು ಪಾಲಿನಷ್ಟು ಮಕ್ಕಳಿಗೆ ತಾನಾಗಿಯೇ ಹೋಗುತ್ತದೆ. ಬಜೆಗೂ ಹರಕೆಗೂ ತಾಯಿತಕ್ಕೂ ಒಳ್ಳೆಯ ಹೆಸರು ಬಂದದ್ದು ಈ ಮುಕ್ಕಾಲು ಪಾಲಿನಿಂದ. ಉಳಿದವರು ದೊಡ್ಡವರಾದ ಮೇಲೂ ಉಗ್ಗುತ್ತಾರೆ. ಅವರಲ್ಲಿ ಹೆಂಗಸರಿಗಿಂತ ಗಂಡಸರು ಮೂರು ನಾಲ್ಕು ಪಟ್ಟು ಹೆಚ್ಚು.

ಇದು ವಂಶವಾಹಿಗೆ ಸಂಬಂಧಿಸಿದ್ದು ಎಂಬುದಕ್ಕೆ ಸಾಕ್ಷ್ಯ ಬಹಳ ಇದೆ. ಅವಳಿ ಮಕ್ಕಳ ಅಧ್ಯಯನಗಳು ಅದನ್ನು ಹೇಳಿದ್ದವು. 2010ರಲ್ಲಿ ಡೆನ್ನಿಸ್ ಡ್ರೇನಾ ಅವರ ತಂಡ ಪಾಕಿಸ್ತಾನದ ಕುಟುಂಬಗಳಿಂದ ಆರಂಭಿಸಿ ಉಗ್ಗಿಗೆ ಸಂಬಂಧಿಸಿದ ಮೂರು ಜೀನ್‌ಗಳನ್ನು ಗುರುತಿಸಿತು. ಎಲ್ಲ ಉಗ್ಗಿಗೂ ಆ ಮೂರೇ ಕಾರಣ ಎಂದಲ್ಲ. ಆದರೆ ಮಾತಿನ ಚಲನೆಗೆ ಕಾಲ ಹೊಂದಿಸುವ ಮಿದುಳಿನ ಕೆಲಸದಲ್ಲಿ ವ್ಯತ್ಯಾಸ ಇದೆ ಎನ್ನುವುದು ಇವತ್ತು ಸಂಶೋಧಕರ ಸಾಮಾನ್ಯ ಅಭಿಪ್ರಾಯ.

ಯೋಚನೆಯ ಪಕ್ಷದವರು ಇಲ್ಲಿ ಒಂದು ಗಟ್ಟಿ ಪ್ರಶ್ನೆ ಎತ್ತುತ್ತಾರೆ. ಮಿದುಳಿನದೇ ತೊಂದರೆಯಾದರೆ, ಉಗ್ಗುವವರು ಹಾಡುವಾಗ ಯಾಕೆ ಉಗ್ಗುವುದಿಲ್ಲ? ಎಲ್ಲರ ಜೊತೆ ಒಟ್ಟಿಗೆ ಪ್ರಾರ್ಥನೆ ಹೇಳುವಾಗ, ನಾಯಿಮರಿಯ ಜೊತೆ ಮಾತಾಡುವಾಗ ಯಾಕೆ ಸಲೀಸು? 2021ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಎರಿಕ್ ಜಾಕ್ಸನ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದು ಖಾತ್ರಿಯಾಗಿ ನಂಬಿದಾಗ, ಉಗ್ಗುವ ವಯಸ್ಕರು ತಮ್ಮಷ್ಟಕ್ಕೆ ಮಾತಾಡುವಾಗ ಹೆಚ್ಚೂಕಡಿಮೆ ಉಗ್ಗಲೇ ಇಲ್ಲ. ನೋಡಿ, ಎಲ್ಲ ತಲೆಯಲ್ಲೇ ಇದೆ ಎನ್ನುತ್ತಾರೆ ಇವರು.

ಈ ತರ್ಕವನ್ನು ಬೇರೆ ಕಾಯಿಲೆಗೆ ಹಚ್ಚಿ ನೋಡಬೇಕು. ಪಾರ್ಕಿನ್ಸನ್ ಇರುವವರ ಕಾಲು ನಡೆಯುತ್ತ ನಡೆಯುತ್ತ ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತದೆ. ನೆಲದ ಮೇಲೆ ಅಡ್ಡಗೆರೆ ಎಳೆದರೆ ಅವರಲ್ಲಿ ಹಲವರು ಗೆರೆ ದಾಟುತ್ತ ಸರಾಗವಾಗಿ ನಡೆಯುತ್ತಾರೆ. ಹಾಗೆಂದು ಯಾವ ವೈದ್ಯರೂ ನಿಮ್ಮ ಕಾಯಿಲೆ ನಿಮ್ಮ ಯೋಚನೆ ಎನ್ನುವುದಿಲ್ಲ. ಹೊರಗಿನ ತಾಳ ಸಿಕ್ಕಾಗ ಒಳಗಿನ ತಾಳದ ಕೊರತೆ ಮುಚ್ಚಿಹೋಗುತ್ತದೆ, ಅಷ್ಟೆ. ಹಾಡಿಗೂ ಸಾಮೂಹಿಕ ಪ್ರಾರ್ಥನೆಗೂ ಇದು ಅನ್ವಯಿಸುತ್ತದೆ. ಇನ್ನು ಒಬ್ಬರೇ ಇದ್ದಾಗ ಉಗ್ಗು ಇಲ್ಲ ಎಂಬ ಶೋಧ ಬಹಳ ದೊಡ್ಡದು. ಆದರೆ ಅದು ಯೋಚನೆಯ ಪಕ್ಷಕ್ಕಿಂತ ಬೇರೆ ಕಡೆಗೆ ಬೆರಳು ತೋರುತ್ತದೆ. ಕೇಳುವವರು ಬಂದೊಡನೆ ಉಗ್ಗು ಬರುತ್ತದೆ ಎಂದಾದರೆ ಪ್ರಶ್ನೆ ಒಬ್ಬರ ತಲೆಯೊಳಗೆ ಮಾತ್ರ ಇಲ್ಲ, ಇಬ್ಬರ ನಡುವೆ ಇದೆ. ಇಬ್ಬರಲ್ಲಿ ಒಬ್ಬರನ್ನೇ ಯಾಕೆ ರಿಪೇರಿಗೆ ಕಳಿಸುವುದು?

ಯೋಚನೆಯೇ ಉಗ್ಗನ್ನು ಹುಟ್ಟಿಸುತ್ತದೆ ಎಂಬ ವಾದಕ್ಕೆ ದೊಡ್ಡ ವಿದ್ವಾಂಸರ ಬೆಂಬಲವೂ ಇತ್ತು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್ ಸ್ವತಃ ಉಗ್ಗುತ್ತಿದ್ದವರು. ಮಗುವಿನ ಸಹಜ ತೊದಲನ್ನು ತಂದೆತಾಯಿ ‘ಉಗ್ಗು’ ಎಂದು ಕರೆದದ್ದರಿಂದಲೇ ಅದು ಉಗ್ಗಾಗುತ್ತದೆ ಎನ್ನುವುದು ಅವರ ಸಿದ್ಧಾಂತ. ಅಮೆರಿಕದ ಬ್ಯಾನಕ್, ಶೊಶೋನಿ ಮೂಲನಿವಾಸಿಗಳ ಭಾಷೆಯಲ್ಲಿ ಉಗ್ಗಿಗೆ ಪದವೇ ಇಲ್ಲ, ಹಾಗಾಗಿ ಅವರಲ್ಲಿ ಉಗ್ಗುವವರೂ ಇಲ್ಲ ಎಂದು 1944ರಲ್ಲಿ ಬರೆದರು. ನಂತರದ ಸಂಶೋಧಕರು ಅದೇ ಜನರ ನಡುವೆ ಹೋಗಿ ನೋಡಿದಾಗ ಪದಗಳೂ ಇದ್ದವು, ಉಗ್ಗುವವರೂ ಇದ್ದರು. ಪದ ಇದ್ದ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ. ಕನ್ನಡದಲ್ಲಿ ಉಗ್ಗು ಇದೆ, ತೊದಲು ಇದೆ, ತೆಲುಗಿನಲ್ಲಿ ‘ನತ್ತಿ’ ಇದೆ. ಪದ ಮಾಡುವ ಕೆಡುಕು ಬೇರೆ. ಮಗುವಿನ ತೊದಲ್ನುಡಿ ಮನೆಗೆಲ್ಲ ಮುದ್ದು. ಅದೇ ಮಗು ದೊಡ್ಡದಾಗಿ ತೊದಲಿದರೆ ಊರಿಗೆಲ್ಲ ‘ಉಗ್ಗ’, ಅಲ್ಲಿ ‘ನತ್ತೋಡು’. ಹೆಸರಿನ ಜಾಗದಲ್ಲಿ ಉಗ್ಗು ಬಂದು ಕೂರುತ್ತದೆ.

ಜಾನ್ಸನ್ ಅವರ ಸಿದ್ಧಾಂತದ ಪರೀಕ್ಷೆ 1939ರಲ್ಲೇ ನಡೆದಿತ್ತು. ಅವರ ವಿದ್ಯಾರ್ಥಿನಿ ಮೇರಿ ಟ್ಯೂಡರ್, ಅಯೋವಾದ ಡೇವನ್‌ಪೋರ್ಟ್ ಊರಿನ ಅನಾಥಾಲಯದ 22 ಮಕ್ಕಳ ಮೇಲೆ ಪ್ರಯೋಗ ಮಾಡಿದರು. ಸರಾಗವಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳಿಗೆ ತಿಂಗಳುಗಟ್ಟಲೆ ‘ನೀನು ಉಗ್ಗುತ್ತಿದ್ದೀಯ, ತಪ್ಪಿಲ್ಲದೆ ಹೇಳಲಾಗದಿದ್ದರೆ ಮಾತೇ ಆಡಬೇಡ’ ಎಂಬ ಅರ್ಥದ ಮಾತು ಹೇಳಲಾಯಿತು. ಯೋಚನೆಯೇ ಉಗ್ಗಿನ ತಾಯಿಯಾಗಿದ್ದರೆ ಅವರೆಲ್ಲ ಉಗ್ಗಬೇಕಿತ್ತು. 2002ರಲ್ಲಿ ಆ ದಾಖಲೆಗಳನ್ನು ಮತ್ತೆ ಪರಿಶೀಲಿಸಿದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ಹಾಗೆ ಆದ ಪುರಾವೆ ಸಿಗಲಿಲ್ಲ. ಮಕ್ಕಳಿಗೆ ಆದದ್ದೇ ಬೇರೆ: ಅವರು ಮಾತಾಡುವುದನ್ನೇ ಕಡಿಮೆ ಮಾಡಿದರು, ತರಗತಿಯಲ್ಲಿ ಮುದುಡಿದರು. 2001ರಲ್ಲಿ ವಿಷಯ ಪತ್ರಿಕೆಗೆ ಬಂದ ಮೇಲೆ ವಿಶ್ವವಿದ್ಯಾಲಯ ಕ್ಷಮೆ ಕೇಳಿತು. 2007ರಲ್ಲಿ ಅಯೋವಾ ರಾಜ್ಯ ಆರು ಮಂದಿಗೆ, ಕೆಲವರು ತೀರಿಕೊಂಡಿದ್ದರಿಂದ ಅವರ ವಾರಸುದಾರರಿಗೆ, 9,25,000 ಡಾಲರ್ ಪರಿಹಾರ ಕೊಡಲು ಒಪ್ಪಿತು.

ಇದನ್ನು ತಿರುಗಿಸಿ ಹಿಡಿದಂತೆ ಇನ್ನೊಂದು ಪ್ರಯೋಗವಿದೆ. 2008ರಲ್ಲಿ ಆಸ್ಟ್ರೇಲಿಯಾದ ರಾಸ್ ಮೆಂಜೀಸ್, ಮಾರ್ಕ್ ಆನ್ಸ್ಲೊ ಮೊದಲಾದವರು ಉಗ್ಗುವ 30 ವಯಸ್ಕರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಮಾತಿನ ಚಿಕಿತ್ಸೆ ಮಾತ್ರ. ಇನ್ನೊಂದಕ್ಕೆ ಅದರ ಜೊತೆ ಯೋಚನೆ ಬದಲಿಸುವ ಚಿಕಿತ್ಸೆ, ಮನೋವೈದ್ಯರು ಸಿಬಿಟಿ ಎನ್ನುವುದು. ಅದು ಶಿಬಿರದ ಭಾಷಣವಲ್ಲ, ಕ್ರಮಬದ್ಧವಾದ ಸಿಬಿಟಿ. ಫಲಿತಾಂಶ ಎರಡು ಸಾಲಿನದು. ಯೋಚನೆಯ ಚಿಕಿತ್ಸೆ ಪಡೆದವರಲ್ಲಿ ಜನರ ಮುಂದೆ ಬರುವ ಭಯ, ಮಾತು ತಪ್ಪಿಸಿಕೊಳ್ಳುವ ಚಾಳಿ ಬಹಳ ಕಡಿಮೆಯಾಯಿತು. ಅವರ ಉಗ್ಗು ಮಾತ್ರ ಇನ್ನೊಂದು ಗುಂಪಿನವರಿಗಿಂತ ಹೆಚ್ಚು ಕಡಿಮೆಯಾಗಲಿಲ್ಲ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಗೆರೆ ಎಲ್ಲಿದೆ ಎಂದು ಕಾಣುತ್ತದೆ. ಕೆಟ್ಟ ಯೋಚನೆ ಉಗ್ಗನ್ನು ಹುಟ್ಟಿಸಲಿಲ್ಲ, ಮೌನವನ್ನು ಹುಟ್ಟಿಸಿತು. ಒಳ್ಳೆಯ ಯೋಚನೆ ಉಗ್ಗನ್ನು ಅಳಿಸಲಿಲ್ಲ, ಮೌನವನ್ನು ಅಳಿಸಿತು. ಯೋಚನೆಯ ರಾಜ್ಯ ಮೌನದವರೆಗೆ.

ಮೌನವನ್ನು ಅಳಿಸುವುದು ಸಣ್ಣ ಕೆಲಸವಲ್ಲ. ಉಗ್ಗುವವರು ದಿನಕ್ಕೆ ಎಷ್ಟು ಮಾತು ನುಂಗುತ್ತಾರೆ ಎಂಬುದನ್ನು ಲೆಕ್ಕ ಇಟ್ಟವರಿಲ್ಲ. ಕಷ್ಟದ ಧ್ವನಿ ಮುಂದೆ ಬರುತ್ತಿದೆ ಎಂದು ತಿಳಿದೊಡನೆ ಬೇರೆ ಪದ ಹುಡುಕುವುದು ಅವರಲ್ಲಿ ಹಲವರಿಗೆ ರೂಢಿ. ‘ವ’ಕಾರದಲ್ಲಿ ಸಿಕ್ಕಿಕೊಳ್ಳುವ ಒಬ್ಬರು ರೈಲ್ವೆ ಕೌಂಟರಿನ ಮುಂದೆ ನಿಂತಿದ್ದಾರೆ ಎಂದುಕೊಳ್ಳಿ. ವಿಜಯವಾಡಕ್ಕೆ ಟಿಕೆಟ್ ಬೇಕಾದರೆ ‘ಬೆಜವಾಡ’ ಎಂಬ ಹಳೆಯ ಹೆಸರಿದೆ, ಪಾರಾಗಬಹುದು. ಇನ್ನೊಂದು ಊರಿಗೆ ಹೋಗಬೇಕಾದರೆ? ವಿಶಾಖಪಟ್ಟಣ, ವಿಶಾಖ, ವೈಜಾಗ್, ವಾಲ್ತೇರು. ಯಾವ ಬಾಗಿಲು ತಟ್ಟಿದರೂ ‘ವ’. ಸ್ವಂತ ಹೆಸರಿಗಂತೂ ಪರ್ಯಾಯ ಪದವೇ ಇಲ್ಲ; ಅದಕ್ಕೇ ಹೆಸರು ಹೇಳುವುದು ಬಹಳ ಮಂದಿಗೆ ಎಲ್ಲಕ್ಕಿಂತ ಕಷ್ಟ. ಕನ್ನಡ, ತೆಲುಗಿನಲ್ಲಿ ವಿಭಕ್ತಿಯೆಲ್ಲ ಪದದ ಕೊನೆಗೆ ಅಂಟುತ್ತದೆ, ಮುಂದೆ ಒರಗಲು ಸಣ್ಣ ಪದವಿಲ್ಲ. ಹಾಗಾಗಿ ‘ಅದೂ...’, ‘ಅಂದ್ರೆ...’ ಎಂದು ಊರುಗೋಲು ಹಾಕಿಕೊಳ್ಳುತ್ತಾರೆ. ಕೇಳುವವರಿಗೆ ಇವರಿಗೆ ವಿಷಯವೇ ಗೊತ್ತಿಲ್ಲ ಎನಿಸುತ್ತದೆ.

ಈ ಬಚ್ಚಿಡುವ ದುಡಿಮೆ ಬಿಡಿಸುವ ಯಾವ ಚಿಕಿತ್ಸೆಯೂ, ಯಾವ ಸ್ನೇಹವೂ ಒಳ್ಳೆಯದೇ. ಸ್ವತಃ ಉಗ್ಗುವ ವೈದ್ಯ ಸತ್ಯೇಂದ್ರ ಶ್ರೀವಾಸ್ತವ 2008ರಲ್ಲಿ ಆರಂಭಿಸಿದ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್‌ನ ಸ್ವಸಹಾಯ ಗುಂಪುಗಳು ಹೇಳುವುದೂ ಇದನ್ನೇ: ಅಡಗಿಸಬೇಡಿ, ಉಗ್ಗುತ್ತಲೇ ಹೇಳಬೇಕಾದ್ದನ್ನು ಹೇಳಿ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತರಬೇತಾದವರು ಮಾತಿನ ತಂತ್ರ ಕಲಿಸುತ್ತಾರೆ, ಪುಟ್ಟ ಮಕ್ಕಳಿಗೆ ಬೇಗ ಚಿಕಿತ್ಸೆ ಶುರುಮಾಡುತ್ತಾರೆ. ವಿಶಾಖಪಟ್ಟಣದಿಂದ ಮೈಸೂರು ಸಾವಿರ ಕಿಲೋಮೀಟರಿಗೂ ದೂರ. ದೂರದ ನಿಜಕ್ಕಿಂತ ಪಕ್ಕದ ಬೀದಿಯ ಸುಳ್ಳು ಸುಲಭವಾಗಿ ಕೈಗೆ ಸಿಗುತ್ತದೆ. ಭಾರತೀಯ ಪುನರ್ವಸತಿ ಮಂಡಳಿಯ 1992ರ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ಈ ವೃತ್ತಿ ನಡೆಸುವುದು ಅಪರಾಧ. ಶಿಕ್ಷೆ ಗರಿಷ್ಠ ಒಂದು ವರ್ಷ ಸೆರೆ, ಇಲ್ಲವೇ ಒಂದು ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ. ಒಂದು ಸಾವಿರ ರೂಪಾಯಿಗೆ ಹೆದರುವ ವ್ಯಾಪಾರ ಯಾವುದಿದೆ?

‘ಎಲ್ಲ ನಿನ್ನ ಯೋಚನೆ’ ಎಂಬ ಮಾತಿನಿಂದ ಆಗುವ ಇನ್ನೊಂದು ನಷ್ಟ ಕಾನೂನಿನದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ವಾಕ್ ಮತ್ತು ಭಾಷಾ ವೈಕಲ್ಯ ಇದೆ. ಆದರೆ ವ್ಯಾಖ್ಯೆ ಕೇಳುವುದು ದೈಹಿಕ ಅಥವಾ ನರಸಂಬಂಧಿ ಕಾರಣದಿಂದ ಬಂದ ಶಾಶ್ವತ ವೈಕಲ್ಯವನ್ನು; ಕೊಡುವ ಉದಾಹರಣೆ ಧ್ವನಿಪೆಟ್ಟಿಗೆ ತೆಗೆದವರದು, ಪಾರ್ಶ್ವವಾಯು ಮುಂತಾದವುಗಳಿಂದ ಭಾಷೆ ಕಳೆದುಕೊಂಡವರದು. ಉಗ್ಗು ಬರೀ ಯೋಚನೆ ಎಂದು ಒಪ್ಪಿಕೊಂಡ ಸಮಾಜ ಉಗ್ಗುವವರನ್ನು ಈ ಬಾಗಿಲಲ್ಲೇ ತಡೆಯುತ್ತದೆ. ಬಾಗಿಲು ದಾಟಿದರೂ, ಸರ್ಕಾರಿ ಉದ್ಯೋಗದ ಶೇ. 4ರ ಮೀಸಲಾತಿಯ ವಿಭಾಗಗಳಲ್ಲಿ ವಾಕ್ ವೈಕಲ್ಯದ ಹೆಸರಿಲ್ಲ. ಅತ್ತ ನಾಗರಿಕ ಸೇವಾ ಪರೀಕ್ಷೆಯ ವೈದ್ಯಕೀಯ ನಿಯಮಗಳಲ್ಲಿ ಅಭ್ಯರ್ಥಿಯ ಮಾತಿನಲ್ಲಿ ಅಡಚಣೆ ಇರಬಾರದು ಎಂಬ ಸಾಲು ಬಹುಕಾಲದಿಂದ ನಡೆದುಕೊಂಡು ಬಂದಿದೆ. ಸೌಲಭ್ಯ ಕೇಳಿದರೆ ಇದು ವೈಕಲ್ಯವಲ್ಲ, ಕೆಲಸ ಕೇಳಿದರೆ ಇದು ವೈಕಲ್ಯ. ಈ ಎರಡು ಮಾತು ಒಟ್ಟಿಗೆ ಆಡುವ ವ್ಯವಸ್ಥೆಗೆ ಯೋಚನೆ ಬದಲಿಸಿಕೊ ಎಂದು ಯಾರೂ ಹೇಳುತ್ತಿಲ್ಲ.

ಸಿನಿಮಾದ್ದೂ ಇದೇ ಪಾಠ. 2017ರ ತೆಲುಗು ಚಿತ್ರ ‘ಜೈ ಲವ ಕುಶ’ದಲ್ಲಿ ಜೂನಿಯರ್ ಎನ್‌ಟಿಆರ್ ಮೂವರು ಸೋದರರಾಗಿ ನಟಿಸಿದ್ದಾರೆ. ಉಗ್ಗಿನಿಂದ ಅವಮಾನ ಉಂಡ ಹಿರಿಯವನೇ ರಾವಣನನ್ನು ಪೂಜಿಸುವ ಕ್ರೂರಿಯಾಗಿ ಬೆಳೆಯುತ್ತಾನೆ. ಅವಮಾನವನ್ನು ತೋರಿಸಿದ ಮಟ್ಟಿಗೆ ಚಿತ್ರ ಪ್ರಾಮಾಣಿಕ. ಆದರೆ ನಮ್ಮ ತೆರೆಯ ಮೇಲೆ ಉಗ್ಗುವವರಿಗೆ ಎರಡೇ ಪಾತ್ರ: ನಗಿಸುವುದು, ಇಲ್ಲವೇ ಹೆದರಿಸುವುದು. ಉಗ್ಗುತ್ತಲೇ ಅಂಗಡಿ ನಡೆಸುವ, ಪಾಠ ಹೇಳುವ, ಸಂಸಾರ ಮಾಡುವ ಸಾಮಾನ್ಯ ಮನುಷ್ಯರು ಅಲ್ಲಿ ಅಪರೂಪ.

ವಿಶಾಖಪಟ್ಟಣದ ದೊಡ್ಡ ಸರ್ಕಾರಿ ಆಸ್ಪತ್ರೆಯ ಹೆಸರು ಕಿಂಗ್ ಜಾರ್ಜ್ ಆಸ್ಪತ್ರೆ. 1923ರಲ್ಲಿ ಅದು ಆರಂಭವಾದಾಗ ಸಿಂಹಾಸನದ ಮೇಲಿದ್ದವನು ಐದನೇ ಜಾರ್ಜ್. ಅವನ ಮಗ, ಮುಂದೆ ಆರನೇ ಜಾರ್ಜ್ ಆದವನು, ಉಗ್ಗುತ್ತಿದ್ದ. ಲಯನೆಲ್ ಲೋಗ್ ಎಂಬ ಚಿಕಿತ್ಸಕನ ಬಳಿ 1926ರಿಂದ ಕಲಿತ. ಮಾತು ಎಷ್ಟೋ ಸುಧಾರಿಸಿತು, ಉಗ್ಗು ಪೂರ್ತಿ ಹೋಗಲಿಲ್ಲ. 1939ರ ಸೆಪ್ಟೆಂಬರ್ 3ರಂದು ಯುದ್ಧ ಶುರುವಾದಾಗ ರೇಡಿಯೊದಲ್ಲಿ ಅವನು ಜನರನ್ನು ಉದ್ದೇಶಿಸಿ ಮಾತಾಡಿದ, ತಡೆತಡೆದು. ಅವನು ನಿಲ್ಲಿಸಿದಲ್ಲೆಲ್ಲ ಸಾಮ್ರಾಜ್ಯವೇ ಕಾದು ಕುಳಿತಿತ್ತು. ಯಾರೂ ಅವನ ವಾಕ್ಯವನ್ನು ತಾವು ಮುಗಿಸಲಿಲ್ಲ, ಮುಂದಿನವರು ಬನ್ನಿ ಎಂದು ಕೂಗಲಿಲ್ಲ. ರಾಜನಿಗೆ ಸಿಕ್ಕ ಆ ಕೆಲವು ಕ್ಷಣಗಳು ಅದೇ ಹೆಸರಿನ ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ನಿಂತ ಕೂಲಿಯವನಿಗೆ ಸಿಗುತ್ತವೆಯೇ? ತಾಳ್ಮೆ ನಮ್ಮಲ್ಲಿ ಇಲ್ಲದ ಗುಣವೇನಲ್ಲ. ಅದನ್ನು ಯಾರಿಗೆ ಕೊಡಬೇಕು ಎಂಬುದನ್ನು ನಾವು ಅಂತಸ್ತು ನೋಡಿ ನಿರ್ಧರಿಸುತ್ತೇವೆ.

ಆದ್ದರಿಂದ ಬದಲಾಗಬೇಕಾದ ಯೋಚನೆಗಳ ಪಟ್ಟಿ ಬೇರೆ ಕಡೆಯಿಂದ ಶುರುವಾಗಬೇಕು. ಕೋಡ್ ಬರೆಯುವ ಕೆಲಸಕ್ಕೆ ತಡವರಿಸದ ಒಂದು ನಿಮಿಷದ ಭಾಷಣ ಯಾಕೆ ಬೇಕು ಎಂದು ಕಂಪನಿಗಳು ಯೋಚಿಸಲಿ. ಕೇಳಿದವರಿಗೆ ಹೆಚ್ಚು ಸಮಯ ಕೊಡಲಿ. ಮೌಖಿಕ ಪರೀಕ್ಷೆಯಲ್ಲಿ ಕಾಲು ಗಂಟೆ ಹೆಚ್ಚು ಕೊಟ್ಟರೆ ಪದವಿಯ ಮಾನ ಹೋಗುವುದಿಲ್ಲ ಎಂದು ವಿಶ್ವವಿದ್ಯಾಲಯಗಳು ತಿಳಿಯಲಿ. ತರಗತಿಯಲ್ಲಿ ಬಾಯಿ ತೆರೆಯದ ಮಗು ಶಿಸ್ತಿನದೋ ಹೆದರಿಕೆಯದೋ ಎಂದು ಮೇಷ್ಟ್ರು ಒಮ್ಮೆ ವಿಚಾರಿಸಲಿ. ಮೂರು ವರ್ಷದ ಮಗು ತಿಂಗಳುಗಟ್ಟಲೆ ಉಗ್ಗಿದರೆ, ಹರಕೆ ಹೊರುವವರು ಹೊರಲಿ, ಜೊತೆಗೆ ತರಬೇತಾದ ವಾಕ್ ಚಿಕಿತ್ಸಕರನ್ನೂ ಕಾಣಲಿ. ಯಾರಾದರೂ ಹದಿನೈದು ದಿನದ ಗ್ಯಾರಂಟಿ ಕೊಟ್ಟರೆ, ನಿಮ್ಮ ನೋಂದಣಿ ಸಂಖ್ಯೆ ಎಷ್ಟು ಎಂದು ಮೊದಲು ಕೇಳಲಿ.

ಉಳಿದದ್ದು ಎಲ್ಲರೂ ಮಾಡಬಹುದಾದದ್ದು, ಖರ್ಚಿಲ್ಲದ್ದು. ಎದುರಿಗಿರುವವರ ಮಾತು ಸಿಕ್ಕಿಕೊಂಡಾಗ ಕಣ್ಣು ಬೇರೆ ಕಡೆ ತಿರುಗಿಸಬೇಡಿ. ಅವರ ವಾಕ್ಯವನ್ನು ನೀವು ಮುಗಿಸಬೇಡಿ. ನಮ್ಮ ಭಾಷೆಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಊಹಿಸಿ ಮುಗಿಸುವ ಆಸೆ ಹೆಚ್ಚು, ತಪ್ಪಾಗಿ ಮುಗಿಸುವ ಸಂಭವವೂ ಹೆಚ್ಚು. ಸಲಹೆ ಕೊಡಬೇಡಿ. ಸುಮ್ಮನೆ ಕಾಯಿರಿ. ಹೇಳಬೇಕಾದ್ದು ಅವರಿಗೆ ಗೊತ್ತಿದೆ, ಹೇಳುತ್ತಾರೆ.